ಟೈರ್ ಗಾಳಿಯ ಹಳದಿ ದೀಪ ಆರದಿದ್ದರೆ: ದೋಷ ಹುಡುಕುವ ಕ್ರಮ

ಕುದುರೆ ಲಾಳದ ಆಕಾರ, ಒಳಗೊಂದು ಆಶ್ಚರ್ಯಸೂಚಕ ಚಿಹ್ನೆ, ಬಣ್ಣ ಹಳದಿ. ಈಚಿನ ಕಾರುಗಳ ಮೀಟರಿನಲ್ಲಿ ಹೊತ್ತಿಕೊಳ್ಳುವ ಟೈರ್ ಗಾಳಿಯ ದೀಪ ಇದು. ಗಾಳಿ ಹೊಡೆಸಿದರೂ ಆರಲಿಲ್ಲ, ಆರಿದ್ದು ಎರಡು ದಿನ ಬಿಟ್ಟು ಮತ್ತೆ ಬಂತು, ಪಂಕ್ಚರ್ ಅಂಗಡಿಯವರು ಟೈರ್ ಚೆನ್ನಾಗಿದೆ ಎಂದರು, ಗ್ಯಾರೇಜಿನವರು ಸೆನ್ಸರ್ ಹೋಗಿದೆ ಎಂದರು. ಇಷ್ಟೆಲ್ಲ ಓಡಾಡಿದ ಮೇಲೆ ಹೆಚ್ಚಿನವರು ದೀಪದ ಕಡೆ ನೋಡುವುದನ್ನೇ ಬಿಡುತ್ತಾರೆ. ನನಗೆ ಆತಂಕವಾಗುವುದು ಅಲ್ಲಿಯೇ. ಸುಮ್ಮನೆ ಉರಿಯುತ್ತಿರುವ ದೀಪಕ್ಕೆ ಕಣ್ಣು ಒಗ್ಗಿಹೋದರೆ, ನಿಜವಾಗಿ ಮೊಳೆ ಚುಚ್ಚಿದ ದಿನ ಕಾರಿಗೆ ಹೇಳಲು ಬೇರೆ ದಾರಿ ಉಳಿದಿರುವುದಿಲ್ಲ.

ದೀಪ ಹೊತ್ತಲು ಮೂಲದಲ್ಲಿ ಎರಡೇ ಕಾರಣ. ಒಂದೋ ಟೈರಿನಲ್ಲಿ ಗಾಳಿ ಕಡಿಮೆಯಾಗಿದೆ, ಇಲ್ಲವೇ ಗಾಳಿಯನ್ನು ಗಮನಿಸುವ ವ್ಯವಸ್ಥೆ ಕೆಟ್ಟಿದೆ. ಮೊದಲನೆಯದನ್ನು ಸ್ವಂತ ಕೈಯಿಂದ ಅಳೆದು ತಳ್ಳಿಹಾಕುವವರೆಗೆ ಎರಡನೆಯದರ ಮಾತೇ ಬೇಡ. ಈ ಒಂದು ಕ್ರಮ ತಪ್ಪಿದ್ದರಿಂದಲೇ ಎಷ್ಟೋ ಒಳ್ಳೆಯ ಸೆನ್ಸರ್‌ಗಳು ಕಸದ ಬುಟ್ಟಿ ಸೇರಿವೆ.

ಓಡಿಸುತ್ತಿರುವಾಗಲೇ ದೀಪ ಬಂದು, ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತಿದ್ದರೆ ಅಥವಾ ಗಾಡಿ ಓಲಾಡುವಂತೆ ಅನಿಸಿದರೆ, ಮುಂದೆ ಬರೆದಿರುವುದೆಲ್ಲ ಆಮೇಲೆ. ಜೋರಾಗಿ ಬ್ರೇಕ್ ಒತ್ತದೆ ವೇಗ ಇಳಿಸಿ, ಹಜಾರ್ಡ್ ಲೈಟ್ ಹಾಕಿ, ರಸ್ತೆಯ ಎಡಕ್ಕೆ ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ. ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ ಗಾಳಿ ಇಳಿದ ಟೈರಿನಲ್ಲಿ ವೇಗವಾಗಿ ಓಡಿದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಕಾಯುತ್ತದೆ. ಟೈರ್ ಸಿಡಿಯುವುದಕ್ಕೆ ಆ ಬಿಸಿಯೇ ಸಾಕು.

ದೀಪ ಹೇಗೆ ಉರಿಯುತ್ತಿದೆ ಎಂದು ಮೊದಲು ನೋಡಿ

ಕೀ ತಿರುಗಿಸಿದ ಕೂಡಲೇ ಎಲ್ಲ ದೀಪಗಳೂ ಕೆಲವು ಸೆಕೆಂಡ್ ಹೊತ್ತಿ ಆರುವುದು ಸಹಜ. ಆಮೇಲೆ ಈ ದೀಪ ಒಂದರ ನಡವಳಿಕೆಯನ್ನು ಗಮನಿಸಿ. ಮಿನುಗದೆ ಒಂದೇ ಸಮ ಉರಿಯುತ್ತಿದ್ದರೆ ಅದು ಗಾಳಿಯ ದೂರು. ಒಂದರಿಂದ ಒಂದೂವರೆ ನಿಮಿಷ ಮಿನುಗಿ, ಆಮೇಲೆ ಒಂದೇ ಸಮ ಉರಿಯುತ್ತ ನಿಂತರೆ ಅದು ವ್ಯವಸ್ಥೆಯ ದೂರು. ಪ್ರತಿ ಸಲ ಗಾಡಿ ಸ್ಟಾರ್ಟ್ ಮಾಡಿದಾಗಲೂ ಇದೇ ಆಟ ಮರುಕಳಿಸುತ್ತದೆ. ಗಾಡಿ ಹತ್ತಿ ಒಂದೂವರೆ ನಿಮಿಷದ ಮೇಲೆ ಮೀಟರ್ ನೋಡಿದವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಆದ್ದರಿಂದ ಸ್ಟಾರ್ಟ್ ಮಾಡುವ ಗಳಿಗೆಯಿಂದಲೇ ನೋಡಬೇಕು, ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೊ ತೆಗೆದಿಡಬೇಕು. ಗ್ಯಾರೇಜಿಗೆ ಹೋದಾಗ ಆ ವಿಡಿಯೊ ಅರ್ಧ ಗಂಟೆಯ ವಿವರಣೆ ಉಳಿಸುತ್ತದೆ.

ಈ ಮಿನುಗುವ ಪದ್ಧತಿ ಬಂದದ್ದು ಅಮೆರಿಕದ ಕಾನೂನಿನಿಂದ. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ ಫೈರ್‌ಸ್ಟೋನ್ ಟೈರುಗಳು ಕಿತ್ತುಹೋಗಿ ಅನೇಕರು ಸತ್ತ ಮೇಲೆ ಅಲ್ಲಿ 2000ದಲ್ಲಿ ಹೊಸ ಕಾಯ್ದೆ ಬಂತು. ಅದರ ಫಲವಾಗಿ 2007ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಈ ದೀಪ ಕಡ್ಡಾಯವಾಯಿತು. ನಿಗದಿತ ಗಾಳಿಗಿಂತ ಶೇ. 25ರಷ್ಟು ಕಡಿಮೆಯಾದರೆ ದೀಪ ಬರಬೇಕು ಎಂಬ ಲೆಕ್ಕವೂ ಅಲ್ಲಿಯದೇ. ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾಯಿತು, ಅಲ್ಲಿ ಮಿತಿ ಇನ್ನೂ ಬಿಗಿ. ನಮ್ಮಲ್ಲಿ ಮಾರುವ ಕೆಲವು ಮಾದರಿಗಳು ಮಿನುಗಿಸುವ ಬದಲು ಪರದೆಯ ಮೇಲೆ ವ್ಯವಸ್ಥೆ ಪರೀಕ್ಷಿಸಿ ಎಂದು ಬರೆದು ತೋರಿಸುತ್ತವೆ, ಅಥವಾ ಅಂಕಿ ಇರಬೇಕಾದ ಜಾಗದಲ್ಲಿ ಬರೀ ಗೆರೆ ತೋರಿಸುತ್ತವೆ. ಗಾಡಿಯ ಜೊತೆ ಕೊಟ್ಟ ಕೈಪಿಡಿಯಲ್ಲಿ ಆ ಪುಟವನ್ನು ಒಮ್ಮೆ ಓದಿಕೊಳ್ಳಿ.

ಇದರ ಜೊತೆಗೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ದೀಪವೂ ಉರಿಯುತ್ತಿದೆಯೇ? ಹಾಗಿದ್ದರೆ ಎಬಿಎಸ್ ದೋಷವನ್ನೇ ಮೊದಲು ಸರಿಮಾಡಿಸಬೇಕು. ಏಕೆ ಎಂಬುದು ಮುಂದಿನ ಭಾಗದಲ್ಲಿದೆ.

ನಿಮ್ಮ ಕಾರಿನಲ್ಲಿ ಇರುವುದು ಯಾವ ಬಗೆ?

ಗಾಳಿಯನ್ನು ಗಮನಿಸುವ ವ್ಯವಸ್ಥೆಯಲ್ಲಿ ಎರಡು ಬಗೆ: ನೇರ ಮತ್ತು ಪರೋಕ್ಷ. ಇದು ಗೊತ್ತಿಲ್ಲದೆ ಮುಂದೆ ಹೋದರೆ ಕತ್ತಲಲ್ಲಿ ತಡಕಾಡಿದಂತೆಯೇ.

ನೇರ ಬಗೆಯಲ್ಲಿ ಪ್ರತಿ ಚಕ್ರದ ಒಳಗೆ, ವಾಲ್ವಿನ ಬುಡಕ್ಕೆ ಅಂಟಿಕೊಂಡಂತೆ ಒಂದು ಸಣ್ಣ ಸೆನ್ಸರ್ ಇರುತ್ತದೆ. ಅದರಲ್ಲಿ ಲಿಥಿಯಂ ಬ್ಯಾಟರಿ, ಒತ್ತಡ ಅಳೆಯುವ ಚಿಪ್, ರೇಡಿಯೊ. ಚಕ್ರ ತಿರುಗುವಾಗ ಅಳತೆಯನ್ನು ಕಾರಿಗೆ ಕಳುಹಿಸುತ್ತದೆ. ಪರದೆಯ ಮೇಲೆ ನಾಲ್ಕೂ ಟೈರಿನ ಗಾಳಿ ಬೇರೆ ಬೇರೆ ಅಂಕಿಯಲ್ಲಿ ಕಾಣುತ್ತಿದ್ದರೆ ನಿಮ್ಮದು ಇದೇ. ವಾಲ್ವಿನ ಕಡ್ಡಿ ರಬ್ಬರಿನ ಬದಲು ಲೋಹದ್ದಾಗಿದ್ದು, ಬುಡದಲ್ಲಿ ನಟ್ ಇದ್ದರೆ ಅದೂ ಒಂದು ಗುರುತು. ಆದರೆ ರಬ್ಬರ್ ಕಡ್ಡಿಯ ಸೆನ್ಸರ್‌ಗಳೂ ಇವೆ, ಹಾಗಾಗಿ ಆ ಗುರುತೊಂದನ್ನೇ ನಂಬಬೇಡಿ.

ಪರೋಕ್ಷ ಬಗೆಯಲ್ಲಿ ಚಕ್ರದೊಳಗೆ ಏನೂ ಇರುವುದಿಲ್ಲ. ಗಾಳಿ ಇಳಿದ ಟೈರಿನ ಸುತ್ತಳತೆ ಚೂರು ಕಡಿಮೆಯಾಗಿ, ಅದು ಉಳಿದವುಗಳಿಗಿಂತ ಸ್ವಲ್ಪ ಬೇಗ ತಿರುಗುತ್ತದೆ. ಎಬಿಎಸ್‌ಗಾಗಿ ಪ್ರತಿ ಚಕ್ರದ ಬಳಿ ಇರುವ ವೇಗದ ಸೆನ್ಸರ್‌ಗಳಿಂದ ಕಾರು ಈ ವ್ಯತ್ಯಾಸವನ್ನು ಹಿಡಿಯುತ್ತದೆ. ಎಬಿಎಸ್ ಕೆಟ್ಟರೆ ಗಾಳಿಯ ದೀಪವೂ ಬರುವುದು ಇದೇ ಕಾರಣಕ್ಕೆ. ಟಾಟಾ ಕಾರುಗಳಲ್ಲಿ ಐಟಿಪಿಎಂಎಸ್ ಎಂದು ಬರೆದಿರುತ್ತದೆ; ಟಿಪಿಎಂಎಸ್ ಎಂದರೆ ಟೈರ್ ಗಾಳಿ ಗಮನಿಸುವ ವ್ಯವಸ್ಥೆ, ಐ ಅಕ್ಷರ ಪರೋಕ್ಷ (ಇಂಡೈರೆಕ್ಟ್) ಎಂಬುದನ್ನೇ ಸೂಚಿಸುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲೂ ಹೆಚ್ಚಾಗಿ ಇದೇ ಬಗೆ. ಇದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಂಕಿ ತೋರಿಸುವುದಿಲ್ಲ; ಮೆನುವಿನಲ್ಲೋ ಗ್ಲೋವ್ ಬಾಕ್ಸಿನೊಳಗೋ ಸೆಟ್ ಮಾಡುವ ಗುಂಡಿ ಮಾತ್ರ ಇರುತ್ತದೆ. ಒಂದೇ ಮಾದರಿಯ ಬೇರೆ ಬೇರೆ ವೇರಿಯಂಟ್‌ಗಳಲ್ಲಿ ಬೇರೆ ಬಗೆ ಇರಬಹುದು, ಕೆಳಗಿನ ವೇರಿಯಂಟಿನಲ್ಲಿ ಇಲ್ಲದೆಯೂ ಇರಬಹುದು. ಪಕ್ಕದ ಮನೆಯವರ ಕಾರಿನ ಅನುಭವ ನಿಮ್ಮ ಕಾರಿಗೆ ಹೊಂದಲೇಬೇಕೆಂದಿಲ್ಲ.

ತಣ್ಣಗಿನ ಟೈರು, ಸ್ವಂತ ಗೇಜು

ಟೈರ್ ಗಾಳಿಯ ಅಂಕಿ ಎಂದರೆ ಯಾವಾಗಲೂ ತಣ್ಣಗಿನ ಟೈರಿನ ಅಂಕಿ. ಗಾಡಿ ಕನಿಷ್ಠ 3 ಗಂಟೆ ನಿಂತಿರಬೇಕು, ಅಥವಾ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಬೆಳಿಗ್ಗೆ ಬಿಸಿಲೇರುವ ಮುಂಚೆ ಮನೆಯ ಮುಂದೆಯೇ ಅಳೆಯುವುದು ಎಲ್ಲಕ್ಕಿಂತ ಒಳ್ಳೆಯದು. ಅದಕ್ಕೆ ಒಂದು ಡಿಜಿಟಲ್ ಗೇಜ್ ಇರಲಿ. ಬಂಕಿನ ಗೇಜುಗಳು ದಿನವಿಡೀ ನೆಲಕ್ಕೆ ಬಿದ್ದು ಎದ್ದು ಕೆಲಸ ಮಾಡುತ್ತವೆ, ಎರಡು ಮೂರು ಪಿಎಸ್‌ಐ ಹೆಚ್ಚುಕಡಿಮೆ ತೋರಿಸಿದರೆ ಆಶ್ಚರ್ಯವಿಲ್ಲ. ನಿಮ್ಮ ಗೇಜೂ ಚೂರು ತಪ್ಪು ತೋರಿಸಬಹುದು, ಆದರೆ ಪ್ರತಿ ಸಲ ಅಷ್ಟೇ ತಪ್ಪು ತೋರಿಸುತ್ತದೆ. ದೋಷ ಹುಡುಕಲು ಆ ಸ್ಥಿರತೆ ಸಾಕು.

ಎಷ್ಟಿರಬೇಕು? ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ ಚೀಟಿ ಅಂಟಿಸಿರುತ್ತಾರೆ. ಮುಂದೆ ಹಿಂದೆ ಬೇರೆ ಅಂಕಿ, ಜನ–ಲಗೇಜ್ ತುಂಬಿದಾಗ ಬೇರೆ ಅಂಕಿ ಇರಬಹುದು. ಚೀಟಿ ಕಿಲೋಪ್ಯಾಸ್ಕಲ್‌ನಲ್ಲಿದ್ದರೆ 210 ಅಂದರೆ ಸುಮಾರು 30 ಪಿಎಸ್‌ಐ, 230 ಅಂದರೆ 33, 240 ಅಂದರೆ 35. ಬಾರ್ ಲೆಕ್ಕದಲ್ಲಿದ್ದರೆ 14.5ರಿಂದ ಗುಣಿಸಿ. ಟೈರಿನ ಪಕ್ಕದಲ್ಲಿ ಉಬ್ಬು ಅಕ್ಷರದಲ್ಲಿ ಇರುವ 44, 51 ಇತ್ಯಾದಿ ಆ ಟೈರು ತಾಳಿಕೊಳ್ಳುವ ಗರಿಷ್ಠ ಮಿತಿ. ಅದನ್ನು ನೋಡಿ ಗಾಳಿ ಹೊಡೆಸಬೇಡಿ.

ಈಗ ನನ್ನ ಪ್ರಕಾರ ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸುವ ವಿಷಯ: ಬಿಸಿ ಮತ್ತು ಚಳಿ. ತಾಪಮಾನ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿದರೆ ಕಾರಿನ ಟೈರಿನಲ್ಲಿ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಡಿಸೆಂಬರ್ ತಿಂಗಳಲ್ಲಿ ಹೈದರಾಬಾದಿನಿಂದ ಬೀದರಿಗೆ ಬಂದ ಕಾರನ್ನು ಎಣಿಸಿಕೊಳ್ಳಿ. ಮಧ್ಯಾಹ್ನ 30 ಡಿಗ್ರಿ. ಓಡಿ ಬಂದ ಟೈರು ಕಾದು, ತಣ್ಣಗಿದ್ದಾಗಿನದಕ್ಕಿಂತ 4 ಪಿಎಸ್‌ಐ ಹೆಚ್ಚು ತೋರಿಸುತ್ತಿದೆ. ಊರಿನ ಹೊರಗಿನ ಬಂಕಿನಲ್ಲಿ ಅದೇ ಬಿಸಿ ಟೈರಿಗೆ ಸರಿಯಾಗಿ 33 ಮಾಡಿಸಿದರು. ಟೈರು ತಣಿದಾಗ ಅದು 29. ಮರುದಿನ ಬೆಳಗಿನ ಜಾವ 12 ಡಿಗ್ರಿ, ಅಂದರೆ 18 ಡಿಗ್ರಿಯ ಇಳಿತ, ಇನ್ನೂ 3 ಹೋಯಿತು, 26. ಟೈರಿನ ರಬ್ಬರಿನ ಮೂಲಕವೇ ತಿಂಗಳಿಗೆ ಸುಮಾರು 1 ಪಿಎಸ್‌ಐ ಸೋರುವುದು ಸಹಜ. ಒಂದೆರಡು ತಿಂಗಳು ನೋಡದೆ ಬಿಟ್ಟರೆ 25ರ ಆಚೆ ಈಚೆ. 33ರಲ್ಲಿ ಶೇ. 25 ಕಳೆದರೆ ಉಳಿಯುವುದು 24.75. ಒಂದು ಮೊಳೆಯೂ ಚುಚ್ಚಿಲ್ಲ, ಸೆನ್ಸರ್ ಕೆಟ್ಟಿಲ್ಲ, ಬೆಳಿಗ್ಗೆ ದೀಪ ಬಂತು. ಹತ್ತು ಹದಿನೈದು ಕಿಲೋಮೀಟರ್ ಓಡಿದ ಮೇಲೆ ಟೈರು ಕಾದು ದೀಪ ತಾನೇ ಆರುತ್ತದೆ. ಬೆಳಿಗ್ಗೆ ಬಂದು ಮಧ್ಯಾಹ್ನ ಆರುವ ದೀಪ ಕಂಡರೆ ಮೊದಲು ಈ ಲೆಕ್ಕ ಹಾಕಿ.

ಎತ್ತರದ ಪಾಲೂ ಸ್ವಲ್ಪ ಇದೆ. ಗೇಜ್ ಅಳೆಯುವುದು ಹೊರಗಿನ ಗಾಳಿಗಿಂತ ಒಳಗಿನ ಗಾಳಿ ಎಷ್ಟು ಹೆಚ್ಚು ಎಂಬುದನ್ನು. ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಹೊರಗಿನ ಒತ್ತಡ ಮಂಗಳೂರಿಗಿಂತ ಸುಮಾರು 1.5 ಪಿಎಸ್‌ಐ ಕಡಿಮೆ. ಶಿರಾಡಿ ಘಾಟಿ ಇಳಿದು ಕರಾವಳಿ ಸೇರಿದ ಮೇಲೆ ಟೈರು ತಣಿದಾಗ ಅಳೆದರೆ ಅಂಕಿ ಚೂರು ಕಡಿಮೆ ಕಾಣುತ್ತದೆ, ಕರಾವಳಿಯ ಸೆಕೆ ಅದನ್ನು ಭಾಗಶಃ ತುಂಬಿಕೊಡುತ್ತದೆ. ಇದೊಂದರಿಂದಲೇ ದೀಪ ಬರುವುದು ಅಪರೂಪ, ಅಂಚಿನಲ್ಲಿದ್ದ ಟೈರಿಗೆ ಮಾತ್ರ ಇದು ನೆಪ.

ಇನ್ನು ನೈಟ್ರೋಜನ್. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78ರಷ್ಟು ಅದಿದೆ. ಚಳಿಗೆ ಅದೂ ಕುಗ್ಗುತ್ತದೆ, ಬಿಸಿಗೆ ಅದೂ ಹಿಗ್ಗುತ್ತದೆ. ದೀಪ ಬರದಂತೆ ತಡೆಯಲು ಅದಕ್ಕೆ ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ನೈಟ್ರೋಜನ್ ಇರುವ ಟೈರಿಗೆ ಕೊರತೆ ಬಿದ್ದಾಗ ಮಾಮೂಲಿ ಗಾಳಿ ತುಂಬಿದರೆ ಏನೂ ಕೆಡುವುದಿಲ್ಲ.

ಗಾಳಿ ಹೊಡೆಸುವಾಗ ಹುಡುಗನಿಗೆ "ಅಂದಾಜಿಗೆ ಹಾಕಪ್ಪ" ಎನ್ನದೆ, ಚೀಟಿಯ ಅಂಕಿ ಹೇಳಿ ಹಾಕಿಸಿ, ಮನೆಗೆ ಬಂದು ಮರುದಿನ ಬೆಳಿಗ್ಗೆ ನಿಮ್ಮ ಗೇಜಿನಲ್ಲಿ ನೋಡಿಕೊಳ್ಳಿ. ಕಡಿಮೆಯಿದ್ದರೆ ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಪಂಪಿನಲ್ಲಿ ಸರಿಮಾಡಿ. ಬಿಸಿ ಟೈರಿನಿಂದ ಗಾಳಿ ಬಿಡುವ ಕೆಲಸ ಮಾತ್ರ ಬೇಡವೇ ಬೇಡ.

ಗಾಳಿ ತುಂಬಿದ ತಕ್ಷಣ ದೀಪ ಆರಲಿಲ್ಲವೆಂದು ಬಂಕಿನಲ್ಲೇ ಗಾಬರಿಯಾಗುವವರಿದ್ದಾರೆ. ನೇರ ಬಗೆಯ ಅನೇಕ ಸೆನ್ಸರ್‌ಗಳು ಬ್ಯಾಟರಿ ಉಳಿಸಲು ಗಾಡಿ ನಿಂತಾಗ ಹೆಚ್ಚುಕಡಿಮೆ ಮಲಗಿರುತ್ತವೆ. ಚಕ್ರ ಒಂದಷ್ಟು ವೇಗವಾಗಿ ತಿರುಗಿದ ಮೇಲೆ ಎಚ್ಚೆತ್ತು ಹೊಸ ಅಳತೆ ಕಳುಹಿಸುತ್ತವೆ. ಹತ್ತು ನಿಮಿಷ 40 ಕಿಲೋಮೀಟರ್ ವೇಗದ ಮೇಲೆ ಓಡಿಸಿ ನೋಡಿ.

ಒಂದೇ ಟೈರು ಪದೇ ಪದೇ ಇಳಿಯುತ್ತಿದ್ದರೆ

ನಾಲ್ಕೂ ಟೈರನ್ನು ಒಂದು ಬೆಳಿಗ್ಗೆ ಚೀಟಿಯ ಅಂಕಿಗೆ ತಂದು ಬರೆದಿಡಿ. ಮೂರು ದಿನ ಬಿಟ್ಟು ಅದೇ ಹೊತ್ತಿಗೆ ಅದೇ ಗೇಜಿನಲ್ಲಿ ಅಳೆಯಿರಿ. ನಾಲ್ಕೂ ಒಂದೇ ಪ್ರಮಾಣದಲ್ಲಿ ಚೂರು ಇಳಿದಿದ್ದರೆ ಅದು ಹವೆಯ ಕೆಲಸ. ಒಂದು ಮಾತ್ರ 2 ಪಿಎಸ್‌ಐ ಅಥವಾ ಹೆಚ್ಚು ಇಳಿದಿದ್ದರೆ ಅಲ್ಲಿ ಸೋರಿಕೆ ಇದೆ. ಇಷ್ಟು ಸರಳ ಪರೀಕ್ಷೆಯನ್ನು ಮಾಡದೆ, ಕಾರಿನ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರ್ ಹಾಕಿಸುವವರೇ ಹೆಚ್ಚು.

ಸರ್ಫ್ ನೀರು ಕಲಸಿ ಸ್ಪ್ರೇ ಬಾಟಲಿಗೆ ತುಂಬಿ. ಮೊದಲು ವಾಲ್ವಿನ ಕ್ಯಾಪ್ ತೆಗೆದು ಬಾಯಿಗೆ ಸಿಂಪಡಿಸಿ. ನಿಧಾನವಾಗಿ ಗುಳ್ಳೆ ಉಬ್ಬಿದರೆ ಒಳಗಿನ ವಾಲ್ವ್ ಪಿನ್ ಸಡಿಲವಾಗಿದೆ ಅಥವಾ ಅದರಲ್ಲಿ ಮಣ್ಣು ಕೂತಿದೆ. ಅತ್ಯಂತ ಅಗ್ಗದ ರಿಪೇರಿ ಇದು, ಆದರೆ ಅತಿ ಹೆಚ್ಚು ಮರೆತುಹೋಗುವುದೂ ಇದೇ. ಆಮೇಲೆ ವಾಲ್ವಿನ ಬುಡ. ನಂತರ ಟೈರು ನೆಲಕ್ಕೆ ತಾಗುವ ಭಾಗವನ್ನು, ಗಾಡಿಯನ್ನು ಸ್ವಲ್ಪ ಸ್ವಲ್ಪ ಮುಂದೆ ಸರಿಸುತ್ತ, ಪೂರ್ತಿ ಸುತ್ತು ನೋಡಿ. ಹಳೆಯ ಪಂಕ್ಚರಿಗೆ ಹಾಕಿದ ಬತ್ತಿಯ ಸುತ್ತಲೂ ನೋಡಿ, ಆ ಬತ್ತಿಗಳು ವರ್ಷ ಕಳೆದಂತೆ ಸೋರತೊಡಗುತ್ತವೆ. ಅಲ್ಲಿ ಸೋರುತ್ತಿದ್ದರೆ ಟೈರ್ ಬಿಚ್ಚಿಸಿ ಒಳಗಿನಿಂದ ಮಶ್ರೂಮ್ ಪ್ಯಾಚ್ ಹಾಕಿಸುವುದು ಮೇಲು. ಪಕ್ಕದ ಗೋಡೆಯಲ್ಲಿ ತೂತಿದ್ದರೆ ಯಾವ ಪ್ಯಾಚೂ ಬೇಡ, ಟೈರನ್ನೇ ಬದಲಿಸಿ.

ಹೊರಗಡೆ ಎಲ್ಲೂ ಗುಳ್ಳೆ ಕಾಣದಿದ್ದರೆ ಉಳಿಯುವುದು ಟೈರಿನ ಅಂಚು ರಿಮ್ಮಿಗೆ ಕೂರುವ ಜಾಗ. ನಮ್ಮ ಕಡೆ ಇದಕ್ಕೆ ಎರಡು ದೊಡ್ಡ ಕಾರಣ. ಒಂದು, ಗುಂಡಿಗೋ ರಸ್ತೆಯ ಎತ್ತರದ ಹಂಪ್‌ಗೋ ಬಡಿದು ಅಲಾಯ್ ರಿಮ್ಮಿನ ಒಳ ಅಂಚು ಸೊಟ್ಟಗಾಗುವುದು ಅಥವಾ ಕೂದಲೆಳೆಯಷ್ಟು ಸೀಳುವುದು. ಒಳ ಅಂಚು ಹೊರಗಿನಿಂದ ಕಾಣುವುದಿಲ್ಲ, ಚಕ್ರ ಬಿಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿಯೇ ನೋಡಬೇಕು. ಇನ್ನೊಂದು, ಕರಾವಳಿಯ ಉಪ್ಪು ಗಾಳಿಗೆ ಅಲಾಯ್ ರಿಮ್ಮಿನ ಅಂಚು ಬಿಳಿ ಪುಡಿಯಾಗಿ ಎದ್ದು ಟೈರು ಸರಿಯಾಗಿ ಕೂರದಿರುವುದು. ಅಂಚನ್ನು ತಿಕ್ಕಿ ಶುಚಿಮಾಡಿ ಬೀಡ್ ಸೀಲರ್ ಎಂಬ ಅಂಟು ಹಚ್ಚಿ ಕೂರಿಸಿದರೆ ಸರಿಹೋಗುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆ. ಪಂಕ್ಚರೇ ಆಗದಂತೆ ಎಂದು ಟೈರಿನೊಳಗೆ ತುಂಬುವ ದ್ರವವನ್ನು ಹೆದ್ದಾರಿ ಬಂಕುಗಳಲ್ಲಿ ಒತ್ತಾಯಿಸಿ ಮಾರುತ್ತಾರೆ. ನೇರ ಬಗೆಯ ಸೆನ್ಸರಿನಲ್ಲಿ ಗಾಳಿ ಅಳೆಯುವ ರಂಧ್ರ ತೀರಾ ಸಣ್ಣದು, ಆ ದ್ರವ ಅಲ್ಲಿ ಗಟ್ಟಿಯಾದರೆ ಸೆನ್ಸರ್ ತಪ್ಪು ಅಂಕಿ ಹೇಳತೊಡಗುತ್ತದೆ. ಸ್ಟೆಪ್ನಿ ಇಲ್ಲದ ಕಾರುಗಳ ಜೊತೆ ಕಂಪನಿಯೇ ಕೊಡುವ ರಿಪೇರಿ ಕಿಟ್‌ನಲ್ಲೂ ತೂತು ಮುಚ್ಚುವ ಇಂಥ ದ್ರವ, ಅಂದರೆ ಸೀಲಂಟ್, ಇರುತ್ತದೆ. 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಿಂದ, ಟ್ಯೂಬ್‌ಲೆಸ್ ಟೈರು, ಗಾಳಿ ಎಚ್ಚರಿಕೆ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇರುವ ಸಣ್ಣ ವಾಹನಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಅಂಥ ಕಾರು ನಿಮ್ಮದಾಗಿದ್ದರೆ ಈ ದೀಪವನ್ನು ಇನ್ನೂ ಹೆಚ್ಚು ಗಂಭೀರವಾಗಿ ನೋಡಿ, ಏಕೆಂದರೆ ಟೈರು ಪೂರ್ತಿ ಕೂತರೆ ಬದಲಿಸಲು ಚಕ್ರವೇ ಇರುವುದಿಲ್ಲ. ಕಿಟ್ ಬಳಸಿದರೆ ರಿಪೇರಿಗೆ ಕೊಡುವಾಗ "ಒಳಗೆ ಸೀಲಂಟ್ ಇದೆ, ಸೆನ್ಸರ್ ಒರೆಸಿ ಹಾಕಿ ಅಣ್ಣಾ" ಎಂದು ಹೇಳಿ.

ಗಾಳಿ ಸರಿಯಿದೆ, ದೀಪ ಮಾತ್ರ ಹಾಗೇ ಇದೆ

ಪರೋಕ್ಷ ಬಗೆಯಲ್ಲಿ ಇದಕ್ಕೆ ಉತ್ತರ ಹೆಚ್ಚಾಗಿ ಒಂದೇ: ಸೆಟ್ ಮಾಡಿಲ್ಲ. ಗಾಳಿ ತುಂಬಿದಾಗ, ಟೈರ್ ಬದಲಿಸಿದಾಗ, ಮುಂದಿನದು ಹಿಂದಕ್ಕೆ ಹಾಕಿಸಿದಾಗ ಕಾರಿಗೆ ಹೊಸದಾಗಿ ಕಲಿಸಬೇಕು. ನಾಲ್ಕೂ ಟೈರು ತಣ್ಣಗಿರುವಾಗ ಚೀಟಿಯ ಅಂಕಿಗೆ ತಂದು, ಕೈಪಿಡಿಯಲ್ಲಿ ಹೇಳಿದಂತೆ ಸೆಟ್ ಒತ್ತಿ, ಆಮೇಲೆ ನೇರ ರಸ್ತೆಯಲ್ಲಿ ಒಂದಷ್ಟು ಹೊತ್ತು ಸಾಮಾನ್ಯ ವೇಗದಲ್ಲಿ ಓಡಿಸಿ.

ಈ ಗುಂಡಿಯ ಬಗ್ಗೆ ಒಂದು ಮಾತನ್ನು ಬಿಗಿಯಾಗಿಯೇ ಹೇಳಬೇಕು. ಅದು ದೀಪ ಆರಿಸುವ ಗುಂಡಿಯಲ್ಲ. ಈಗ ಟೈರಿನಲ್ಲಿ ಎಷ್ಟು ಗಾಳಿ ಇದೆಯೋ ಅದೇ ಸರಿ ಎಂದು ಕಾರಿಗೆ ಕಲಿಸುವ ಗುಂಡಿ. ಒಂದು ಟೈರು 22ಕ್ಕೆ ಇಳಿದಿದ್ದಾಗ ಅದನ್ನು ಒತ್ತಿದರೆ, 22 ಸರಿ ಎಂದೇ ಕಾರು ಕಲಿಯುತ್ತದೆ. ದೀಪ ಆರುತ್ತದೆ, ಮನಸ್ಸಿಗೆ ಸಮಾಧಾನವಾಗುತ್ತದೆ, ಅದೇ ಟೈರಿನಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಹೆದ್ದಾರಿಗೆ ಹೋಗುತ್ತೀರಿ. ಗೇಜ್ ಹಿಡಿಯದೆ ರೀಸೆಟ್ ಮಾಡಿಕೊಡುವ ಯಾರ ಕೈಗೂ ಕೀ ಕೊಡಬೇಡಿ.

ಸೆಟ್ ಮಾಡಿದರೂ ಮತ್ತೆ ಬಂದರೆ ಟೈರುಗಳನ್ನೇ ಗಮನಿಸಿ. ಹೊಸ ಟೈರಿನ ಮೇಲ್ಮೈಯ ಗೀರುಗಳ ಆಳ ಸುಮಾರು 8 ಮಿಲಿಮೀಟರ್, ಸವೆದದ್ದು 2 ಮಿಲಿಮೀಟರ್ ಇದ್ದರೆ ಎರಡರ ತ್ರಿಜ್ಯದಲ್ಲಿ 6 ಮಿಲಿಮೀಟರ್ ವ್ಯತ್ಯಾಸ. ಗಾಳಿ ಇಳಿದಾಗ ಆಗುವ ವ್ಯತ್ಯಾಸಕ್ಕಿಂತ ಇದು ದೊಡ್ಡದು. ಒಂದೇ ಆಕ್ಸಲ್‌ನಲ್ಲಿ ಒಂದು ಹೊಸದು ಒಂದು ಹಳೆಯದು, ಅಥವಾ ಬೇರೆ ಕಂಪನಿಯ, ಬೇರೆ ಅಳತೆಯ ಟೈರ್ ಇದ್ದರೆ ಈ ವ್ಯವಸ್ಥೆ ಗೊಂದಲಕ್ಕೆ ಬೀಳುತ್ತದೆ. ಅಲಾಯ್ ಚಕ್ರಗಳಿಗಿಂತ ಸಣ್ಣ ಅಳತೆಯ ಸ್ಟೆಪ್ನಿ ಹಾಕಿಕೊಂಡು ಓಡಿಸುತ್ತಿದ್ದರೂ ಅಷ್ಟೇ. ಡಿಕ್ಕಿಯಲ್ಲಿ ಭಾರೀ ಲಗೇಜ್ ಇದ್ದಾಗ, ಜಲ್ಲಿ ಕಚ್ಚಾ ರಸ್ತೆಯಲ್ಲಿ ದೂರ ಓಡಿದಾಗ ಒಮ್ಮೊಮ್ಮೆ ಬರಬಹುದು. ಪರೋಕ್ಷ ವ್ಯವಸ್ಥೆಯ ದೊಡ್ಡ ಕೊರತೆ ಬೇರೆಯೇ ಇದೆ: ನಾಲ್ಕೂ ಟೈರು ಒಟ್ಟಿಗೆ ನಿಧಾನವಾಗಿ ಇಳಿದರೆ ಅದಕ್ಕೆ ಸುಲಭವಾಗಿ ಗೊತ್ತಾಗುವುದಿಲ್ಲ. ದೀಪ ಇಲ್ಲ ಎಂದು ಗೇಜ್ ಮೂಲೆಗಿಡಬೇಡಿ.

ನೇರ ಬಗೆಯಲ್ಲಿ ಇದೇ ಲಕ್ಷಣಕ್ಕೆ ಮೊದಲು ಅನುಮಾನಿಸಬೇಕಾದದ್ದು ಜಾಗ ಅದಲುಬದಲಾಗಿರುವುದನ್ನು. ಪ್ರತಿ ಸೆನ್ಸರಿಗೂ ತನ್ನದೇ ಗುರುತಿನ ಸಂಖ್ಯೆ ಇದೆ. ಯಾವ ಸಂಖ್ಯೆ ಯಾವ ಮೂಲೆಯದು ಎಂದು ಕಾರು ನೆನಪಿಟ್ಟಿರುತ್ತದೆ. ಟೈರ್ ರೊಟೇಶನ್ ಮಾಡಿಸಿದ ಮೇಲೆ ಅದನ್ನು ತಾನಾಗಿಯೇ ತಿದ್ದಿಕೊಳ್ಳದ ಕಾರುಗಳಿವೆ. ಅಂಥಲ್ಲಿ ಪರದೆ ಮುಂದಿನ ಎಡ ಚಕ್ರ ಕಡಿಮೆ ಎನ್ನುತ್ತದೆ, ನೀವು ಅದಕ್ಕೇ ತುಂಬುತ್ತೀರಿ, ನಿಜವಾಗಿ ಇಳಿದಿರುವುದು ಹಿಂದಿನ ಎಡದ್ದು. ಪರೀಕ್ಷೆ ಸುಲಭ. ಗೇಜಿನಲ್ಲಿ ನಾಲ್ಕನ್ನೂ ಅಳೆದು, ಪರದೆಯ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ಅಂಕಿಗಳು ಅವೇ ಇದ್ದು ಮೂಲೆಗಳು ಮಾತ್ರ ಬೇರೆಯಾಗಿದ್ದರೆ ಸೆನ್ಸರ್‌ಗಳೆಲ್ಲ ಆರೋಗ್ಯವಾಗಿವೆ, ಗುರುತು ಮರುಕಲಿಕೆ ಮಾಡಿಸಿದರೆ ಸಾಕು. ಕೆಲವು ಕಾರುಗಳ ಸ್ಟೆಪ್ನಿಯಲ್ಲೂ ಸೆನ್ಸರ್ ಇರುತ್ತದೆ. ನಾಲ್ಕೂ ಸರಿಯಿದ್ದು ದೀಪ ಆರದಿದ್ದರೆ ಡಿಕ್ಕಿಯಲ್ಲಿರುವ ಐದನೆಯದಕ್ಕೂ ಒಮ್ಮೆ ಗೇಜ್ ಹಿಡಿಯಿರಿ.

ಮಿನುಗಿ ನಿಲ್ಲುವ ದೀಪ

ಈಗ ಸೆನ್ಸರಿನ ಸರದಿ. ಪಂಕ್ಚರ್ ಹಾಕಿಸಿದ ಅಥವಾ ಟೈರ್ ಬದಲಿಸಿದ ದಿನವೇ ಶುರುವಾಗಿದ್ದರೆ, ಟೈರ್ ಬಿಚ್ಚುವ ಯಂತ್ರದ ಹಲ್ಲು ಸೆನ್ಸರಿಗೆ ತಗುಲಿ ಒಡೆದಿರುವ ಸಾಧ್ಯತೆ ಹೆಚ್ಚು. ಸ್ಟೆಪ್ನಿ ಹಾಕಿದ ಮೇಲೆ ಶುರುವಾಗಿದ್ದರೆ ಅದರಲ್ಲಿ ಸೆನ್ಸರ್ ಇಲ್ಲ ಅಷ್ಟೇ, ಮೂಲ ಚಕ್ರ ವಾಪಸ್ ಹಾಕಿ ಓಡಿಸಿದರೆ ಸರಿಹೋಗಬೇಕು. ಹಳೆಯ ಕಾರಿನಲ್ಲಿ ಚಳಿಯ ಬೆಳಿಗ್ಗೆಗಳಲ್ಲಿ ಮಾತ್ರ ಬಂದು ಹೋಗುತ್ತ, ಕ್ರಮೇಣ ಕಾಯಂ ಆದರೆ ಅದು ಬ್ಯಾಟರಿ ಮುಗಿಯುತ್ತಿರುವ ಲಕ್ಷಣ. ಈ ಬ್ಯಾಟರಿಗಳು ಸಾಮಾನ್ಯವಾಗಿ 5ರಿಂದ 10 ವರ್ಷ ಬರುತ್ತವೆ. ಹೆಚ್ಚಿನವುಗಳಲ್ಲಿ ಬ್ಯಾಟರಿಯನ್ನು ಅಂಟಿನಲ್ಲಿ ಮುಳುಗಿಸಿ ಮುಚ್ಚಿರುವುದರಿಂದ ಅದನ್ನು ಮಾತ್ರ ಬದಲಿಸಲಾಗದು, ಇಡೀ ಸೆನ್ಸರ್ ಹೊಸದು ಬೇಕು.

ನಿರ್ದಿಷ್ಟ ಜಾಗದಲ್ಲಿ ಅಥವಾ ಹೊಸ ಡ್ಯಾಶ್‌ಕ್ಯಾಮ್, ಅಗ್ಗದ ಚಾರ್ಜರ್, ಇನ್ವರ್ಟರ್ ಸಿಕ್ಕಿಸಿದ ಮೇಲೆ ಮಾತ್ರ ಬರುತ್ತಿದ್ದರೆ ರೇಡಿಯೊ ಅಡಚಣೆಯನ್ನು ಅನುಮಾನಿಸಿ. ಸೆನ್ಸರಿನ ಸಂಕೇತ ಬಹಳ ದುರ್ಬಲ. ಆ ಸಾಧನವನ್ನು ಒಂದೆರಡು ದಿನ ಕಿತ್ತಿಟ್ಟು ಓಡಿಸಿ ನೋಡುವುದಕ್ಕೆ ಖರ್ಚಿಲ್ಲ.

ಯಾವ ಸೆನ್ಸರ್ ಎಂದು ತಿಳಿಯಲು ಸ್ಕ್ಯಾನರ್ ಬೇಕು. ಕಾರಿಗೆ ಸಿಕ್ಕಿಸಿ ಮೊಬೈಲಿಗೆ ಜೋಡಿಸುವ, ದೋಷ ಓದುವ ಅಗ್ಗದ ಓಬಿಡಿ ಸಾಧನಗಳು ಹೆಚ್ಚಾಗಿ ಎಂಜಿನ್ ದೋಷದ ಸಂಕೇತಗಳನ್ನಷ್ಟೇ ಓದುತ್ತವೆ, ಟೈರ್ ವ್ಯವಸ್ಥೆಯ ದೋಷ ಬೇರೆ ಘಟಕದಲ್ಲಿ ಕೂತಿರುತ್ತದೆ. ಅದರಲ್ಲಿ ದೋಷವಿಲ್ಲ ಎಂದು ಬಂದರೆ ನಂಬಬೇಡಿ. ಚಕ್ರದ ಪಕ್ಕ ಹಿಡಿದು ಸೆನ್ಸರನ್ನು ಎಬ್ಬಿಸಿ, ಅದರ ಸಂಖ್ಯೆ, ಒತ್ತಡ, ಬ್ಯಾಟರಿ ಸ್ಥಿತಿ ಓದುವ ಟಿಪಿಎಂಎಸ್ ಸಾಧನ ದೊಡ್ಡ ಟೈರ್ ಅಂಗಡಿಗಳಲ್ಲಿ ಇರುತ್ತದೆ. ಅದಕ್ಕೆ ಮೂರು ಚಕ್ರ ಉತ್ತರಿಸಿ ಒಂದು ಮೌನವಾಗಿದ್ದರೆ ಸತ್ತದ್ದು ಅದೇ. ನಾಲ್ಕೂ ಉತ್ತರಿಸಿದರೆ ಸಂಖ್ಯೆಗಳು ಕಾರಿನಲ್ಲಿ ನೋಂದಾಯಿತವಾಗಿಲ್ಲ, ಅಥವಾ ಕಾರಿನೊಳಗಿನ ರಿಸೀವರ್ ಇಲ್ಲವೇ ಅದರ ವೈರಿಂಗ್ ಕೆಟ್ಟಿದೆ. ಈ ಹಂತ ದಾಟದೆ ಸೆನ್ಸರಿಗೆ ದುಡ್ಡು ಕೊಡಬೇಡಿ.

ಬದಲಿಸಲೇಬೇಕಾದಾಗ

ನಮ್ಮಲ್ಲಿ ಮಾರುವ ಕಾರುಗಳ ಸೆನ್ಸರ್‌ಗಳು 433 ಮೆಗಾಹರ್ಟ್ಸ್ ತರಂಗದಲ್ಲಿ ಮಾತಾಡುತ್ತವೆ. ಅಮೆರಿಕದಲ್ಲಿ 315 ಮೆಗಾಹರ್ಟ್ಸ್‌ನವೂ ಧಾರಾಳ. ಅಲ್ಲಿರುವ ಮಗನೋ ತಂಗಿಯೋ ಊರಿಗೆ ಬರುವಾಗ ಅಗ್ಗವೆಂದು ತಂದುಕೊಟ್ಟ ಸೆನ್ಸರ್ ಇಲ್ಲಿನ ಕಾರಿಗೆ ಕೇಳಿಸದೇ ಹೋಗಬಹುದು. ಗಾಡಿಯ ಪಾರ್ಟ್ ನಂಬರ್ ಹೊಂದಿಸಿಯೇ ತರಿಸಿ.

ಲೋಹದ ವಾಲ್ವಿನ ವಿಷಯದಲ್ಲಿ ಕರಾವಳಿಯವರು ಹೆಚ್ಚು ಜಾಗ್ರತೆ ವಹಿಸಬೇಕು. ಅಲ್ಯೂಮಿನಿಯಂ ಕಡ್ಡಿಗೆ ಮಾಮೂಲಿ ಹಿತ್ತಾಳೆಯ ವಾಲ್ವ್ ಪಿನ್ ಹಾಕಿದರೆ ಎರಡು ಲೋಹಗಳು ತೇವದಲ್ಲಿ ಸೇರಿ ತುಕ್ಕು ಹಿಡಿದು ಬೆಸೆದುಕೊಳ್ಳುತ್ತವೆ. ಆಮೇಲೆ ತಿರುಗಿಸಲು ಹೋದರೆ ಕಡ್ಡಿಯೇ ಮುರಿಯುತ್ತದೆ, ಜೊತೆಗೆ ಒಳ್ಳೆಯ ಸೆನ್ಸರೂ ಹೋಗುತ್ತದೆ. ನಿಕಲ್ ಲೇಪನದ ಪಿನ್ ಬೇಕು, ಅದು ಬೆಳ್ಳಗಿರುತ್ತದೆ. ಅಂದಕ್ಕೆಂದು ಹಾಕುವ ಲೋಹದ ಕ್ಯಾಪ್ ಕೂಡ ಹೀಗೆಯೇ ಅಂಟಿಕೊಳ್ಳುತ್ತದೆ, ಪ್ಲಾಸ್ಟಿಕ್ ಕ್ಯಾಪೇ ಇರಲಿ.

ಕಾರಿಗೆ ಏಳೆಂಟು ವರ್ಷವಾಗಿ ಒಂದು ಸೆನ್ಸರಿನ ಬ್ಯಾಟರಿ ಮುಗಿದಿದ್ದರೆ ಉಳಿದ ಮೂರೂ ಅದೇ ವಯಸ್ಸಿನವು. ಟೈರುಗಳೂ ಗೀರಿನೊಳಗೆ ಸವೆತ ತೋರಿಸುವ 1.6 ಮಿಲಿಮೀಟರಿನ ಗುರುತಿನ ಹತ್ತಿರ ಸವೆದಿದ್ದರೆ, ಟೈರ್ ಹಾಕಿಸುವಾಗಲೇ ನಾಲ್ಕು ಸೆನ್ಸರನ್ನೂ ಬದಲಿಸುವುದು ನನ್ನ ಆಯ್ಕೆ. ಟೈರ್ ಬಿಚ್ಚಿ ಕೂರಿಸುವ, ಬ್ಯಾಲೆನ್ಸ್ ಮಾಡುವ ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ. ಕಾರು ಹೊಸದಾಗಿದ್ದು ಒಂದು ಮಾತ್ರ ಒಡೆದಿದ್ದರೆ ಒಂದೇ ಸಾಕು. ಹಳೆಯ ಸೆನ್ಸರನ್ನೇ ಮುಂದುವರಿಸುವುದಾದರೂ ಟೈರ್ ಬದಲಿಸಿದಾಗ ವಾಲ್ವಿನ ರಬ್ಬರ್ ವಾಷರ್, ನಟ್, ಪಿನ್ ಹೊಸದು ಹಾಕಿಸಿ.

ಸೆನ್ಸರ್ ಇಲ್ಲದ ಕಾರಿಗೆ ವಾಲ್ವಿನ ಮೇಲೆ ತಿರುಗಿಸುವ ಕ್ಯಾಪ್ ಮಾದರಿಯ ಸೆನ್ಸರ್ ಹಾಕುವವರು ಒಂದನ್ನು ನೆನಪಿಡಿ. ಆ ಕ್ಯಾಪ್ ಒಳಗಿನ ಪಿನ್ನನ್ನು ಸದಾ ಒತ್ತಿಹಿಡಿದಿರುತ್ತದೆ, ಅದರ ವಾಷರ್ ಕೆಟ್ಟರೆ ಎಚ್ಚರಿಸಬೇಕಾದ ಸಾಧನವೇ ಗಾಳಿ ಸೋರಿಸುತ್ತದೆ. ಹಾಕಿದ ಕೂಡಲೇ ಸರ್ಫ್ ನೀರು ಸಿಂಪಡಿಸಿ ನೋಡಿ.

ಟೈರ್ ಅಂಗಡಿಗೆ ಗಾಡಿ ಬಿಡುವಾಗ ನಾಲ್ಕು ಚಕ್ರದ ವಾಲ್ವಿನಲ್ಲೂ ಸೆನ್ಸರ್ ಇದೆ ಎಂದು ಬಾಯಿಬಿಟ್ಟು ಹೇಳಿ, ಯಂತ್ರದ ಬಳಿ ನಿಂತಿರಿ. ಕೆಲಸ ಮುಗಿದ ಮೇಲೆ ಗುರುತು ಮರುಕಲಿಕೆ ಆಯಿತೇ ಎಂದು ಕೇಳಿ. ಹಣ ಕೊಡುವ ಮುಂಚೆ ಅವರ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಪ್ಪತ್ತು ನಿಮಿಷ ಓಡಿಸಿ, ಎಂಜಿನ್ ಆರಿಸಿ, ಮತ್ತೆ ಸ್ಟಾರ್ಟ್ ಮಾಡಿ ಎರಡು ನಿಮಿಷ ಮೀಟರ್ ನೋಡಿ.